ಹೆರಿಗೆ ಮನೆಗೆ ಸಾಂಬ್ರಾಣಿ

ಬಾಳೂರು
೧೨-೧೧-೨೦೨೪

ನನ್ನ ಇಂಚರಾಳಿಗೂ ಅವಳ ಹೊಟ್ಟೆಯಲ್ಲಿರುವ ಮಗುವಿಗೂ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅತ್ತಿಗೆ ಡಾಕ್ಟರ್ ವಂದನಾಳ ಹೆರಿಗೆ ಮನೆಗೆ ಪರವಾನಗಿ ಸಿಕ್ಕಿತು. ನಿನ್ನ ಅತ್ತೆಗೆ ಇದನ್ನು ಓದಿ ಹೇಳು. ಪರವಾನಗಿ ಇಲ್ಲದ ಕಡೆಗೆ ಸೊಸೆಯನ್ನು ಕಳಿಸುವುದಿಲ್ಲ ಎಂದು ಅವರು ಅಂದಾಗ ನನಗೆ ಸಿಟ್ಟು ಬಂದಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂದು ಹಟ ಹಿಡಿದವಳು ನಾನು. ಈಗ ಅವರು ಅಂದದ್ದೇ ಸರಿ ಅನ್ನಿಸುತ್ತದೆ. ಈ ಸಾಲು ಮಾತ್ರ ಓದಬೇಡ.

ಪರಿಶೀಲನೆಗೆ ಚಿಕ್ಕಮಗಳೂರಿನಿಂದ ಹಿರಿಯ ಡಾಕ್ಟರೊಬ್ಬರು ಗುಮಾಸ್ತರ ಜೊತೆ ಬಂದಿದ್ದರು. ಹೆರಿಗೆ ಮನೆಯಾಗಿರುವ ನಮ್ಮ ಹಳೆಯ ಕಾಫಿ ಗೋದಾಮಿನ ಗುರುತೇ ಈಗ ಸಿಗುವುದಿಲ್ಲ. ಬಿಳಿ ಟೈಲ್ಸು, ಬಿಸಿನೀರು, ಜನರೇಟರು. ಇಲ್ಲಿ ಆಪರೇಷನ್ ಇಲ್ಲ, ಸಹಜ ಹೆರಿಗೆ ಮಾತ್ರ. ಕಷ್ಟ ಕಂಡರೆ ಮೂಡಿಗೆರೆಗೆ ಒಯ್ಯಲು ಆಂಬುಲೆನ್ಸ್ ಬಾಗಿಲಲ್ಲೇ ನಿಂತಿರುತ್ತದೆ.

ಅವರೆಲ್ಲ ಹೊರಗೆ ಜನರೇಟರು ನೋಡುತ್ತಿದ್ದಾಗ ನಾನೊಂದು ಕೆಲಸ ಮಾಡಿದೆ. ಸಾಂಬ್ರಾಣಿ ಹೊಗೆ ಕಾಣದ ಬಾಣಂತಿ ಕೋಣೆ ಉಂಟೇ? ಕೆಂಡದ ಪಾತ್ರೆ ಹಿಡಿದು ಒಳಗೆ ಹೋಗಿ ಮೂಲೆಮೂಲೆಗೂ ಹೊಗೆ ತೋರಿಸಿದೆ. ಕೊನೆಗೆ ಆಕ್ಸಿಜನ್ ಸಿಲಿಂಡರಿಗೂ.

ನರ್ಸ್ ಬದರುನ್ನೀಸಾ ಕಂಡಳು. "ಅಮ್ಮೋರೆ, ಅದನ್ನ ಇಲ್ಲಿ ಕೊಡಿ" ಎನ್ನುತ್ತ ಪಾತ್ರೆ ಕಿತ್ತುಕೊಂಡು ಓಡಿ ಕೆಂಡವನ್ನು ಮರಳಿನ ಬಕೆಟ್ಟಿಗೆ ಸುರಿದಳು. ವಂದನಾ ಬಂದು ಸಿಲಿಂಡರಿನ ತಿರುಪು ಬಿಗಿದು ಕಿಟಕಿಗಳನ್ನೆಲ್ಲ ತೆರೆದಳು. ನನ್ನ ಕೈಯಿಂದ ಇದುವರೆಗೆ ಯಾರೂ ಏನನ್ನೂ ಕಿತ್ತುಕೊಂಡದ್ದಿಲ್ಲ, ನಿನಗೇ ಗೊತ್ತು.

ತಿರುಗಿ ನೋಡಿದರೆ ಆ ಡಾಕ್ಟರು ಬಾಗಿಲಲ್ಲಿ ನಿಂತಿದ್ದಾರೆ. ವಂದನಾಳ ಮುಖ ಬಿಳಿಚಿಕೊಂಡಿತ್ತು. ಅವಳ ಎರಡು ವರ್ಷದ ಓಡಾಟವನ್ನು ನಾನು ಒಂದು ಹಿಡಿ ಕೆಂಡದಲ್ಲಿ ಸುಟ್ಟೆನಲ್ಲ ಎಂದುಕೊಂಡೆ.

"ಯಾರಿವರು?" ಎಂದರು. "ನಮ್ಮ ಅತ್ತೆ ಸರ್" ಎಂದಳು, ತಲೆ ತಗ್ಗಿಸದೆ.

"ಕೆಂಡ ತಂದವಳು ನಾನು. ಬರ್ಕೊಳ್ಳೋದಾದ್ರೆ ನನ್ನ ಹೆಸರು ಬರ್ಕೊಳ್ಳಿ" ಎಂದೆ.

ಅವರು ಗುಮಾಸ್ತರ ಕಡೆ ತಿರುಗಿದರು. "ಬೆಂಕಿ ಬಿದ್ರೆ ಏನ್ ಮಾಡ್ತೀರಿ ಅಂತ ಕೇಳ್ಬೇಕಿತ್ತು ಮಾರಾಯ. ಮಾಡೇ ತೋರ್ಸಿದ್ರು. ಪಾಸ್ ಅಂತ ಬರಿ." ಆಮೇಲೆ ನನಗೆ, "ನಿಮ್ಮನ್ನ ಮಾತ್ರ ಪಾಸ್ ಮಾಡಕ್ಕಾಗಲ್ಲ ಅಮ್ಮ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಬದರುನ್ನೀಸಾ ಹೇಳುತ್ತಾಳೆ, ನಂಬಬೇಡ.

ಸೋಮವಾರ ಜೀಪು ಕಳಿಸುತ್ತೇನೆ. ಹೊರಟು ಬಾ.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಸೀತಮ್ಮ

ವಿ.ಸೂ.: ಹೆರಿಗೆ ಕೋಣೆಯ ಬಾಗಿಲಿಗೆ ಹಲಗೆ ಹಾಕಿದ್ದಾರೆ: "ಒಳಗೆ ಬೆಂಕಿ ತರಬಾರದು. ಅತ್ತೆಯವರೂ ತರಬಾರದು." ಎರಡನೆಯ ಸಾಲು ಬರೆಯಲು ವಂದನಾಳಿಗೆ ಧೈರ್ಯವಿರಲಿಲ್ಲ. ಬರೆಸಿದವಳು ನಾನೇ.