ಭರ್ತಿಯಾದ ಸಭಾಂಗಣದ ಬಾಗಿಲಲ್ಲಿ ನಿಂತವರ ಪರವಾಗಿ

ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸ ಮತ್ತು ಸಾಂಸ್ಕೃತಿಕ ಕಾರ್ಯಕ್ರಮ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ಕಳೆದ ತಿಂಗಳು ನಿಮ್ಮ ದೊಡ್ಡ ಸಭಾಂಗಣದಲ್ಲಿ ನಡೆದ ಸಾರ್ವಜನಿಕ ಉಪನ್ಯಾಸಕ್ಕೆ ಸಾರ್ವಜನಿಕರನ್ನು ಒಳಗೆ ಬಿಡಲಿಲ್ಲ. ಸಭಾಂಗಣ ಭರ್ತಿಯಾಗಿದೆ ಎಂದು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಭರ್ತಿ ಮಾಡಿದವನು ನಾನು. ಈಗ ದೂರು ಹೇಳುತ್ತಿರುವವನೂ ನಾನೇ. ಹೀಗೊಬ್ಬ ಮನುಷ್ಯನ ದೂರಿಗೆ ಬೆಲೆ ಕೊಡಬೇಕೇ ಎಂದು ನಿಮಗೆ ಅನ್ನಿಸಿದರೆ ಅದು ಸಹಜ. ನನಗೂ ಹಾಗೇ ಅನ್ನಿಸಿ, ಈ ಪತ್ರ ಬರೆಯುವುದನ್ನು ಮೂರು ವಾರ ಮುಂದೂಡಿದೆ.

ಇದು ಬಹಿರಂಗ ಪತ್ರ, ಹಾಗಾಗಿ ಓದುಗರಿಗೆ ಮೊದಲು ಈ ವ್ಯವಸ್ಥೆಯನ್ನು ವಿವರಿಸಬೇಕು. ನಿಮಗೆ ವಿವರಿಸುವ ಅಗತ್ಯವಿಲ್ಲ, ಅದನ್ನು ರೂಪಿಸಿದ್ದೇ ನಿಮ್ಮ ಕಚೇರಿ. ನಿಮ್ಮ ಆವರಣದ ಹಿಂದಿನ ಬೀದಿಯಲ್ಲಿರುವ ಹೊಲಿಗೆ ತರಬೇತಿ ಕೇಂದ್ರದಲ್ಲಿ ನಾನು ಕಟಿಂಗ್ ಕಲಿಸುತ್ತೇನೆ. ನಿಮ್ಮಲ್ಲಿ ದೊಡ್ಡ ಕಾರ್ಯಕ್ರಮ ಇದ್ದಾಗಲೆಲ್ಲ ನಮ್ಮ ಪ್ರಾಂಶುಪಾಲರಿಗೆ ಫೋನ್ ಬರುತ್ತದೆ. ಎರಡು ಬಸ್ಸು ಜನ ಬೇಕಿತ್ತು ಎನ್ನುತ್ತಾರೆ. ನಮ್ಮ ಪ್ರಮಾಣಪತ್ರದ ಮೇಲೆ ನಿಮ್ಮ ವಿಶ್ವವಿದ್ಯಾಲಯದ ಮುದ್ರೆ ಇರುವುದರಿಂದ ಪ್ರಾಂಶುಪಾಲರು ಇಲ್ಲ ಅನ್ನುವುದಿಲ್ಲ. ಅರ್ಧ ದಿನ ಸೀಮೆಸುಣ್ಣ, ಕತ್ತರಿ ಮುಟ್ಟದೆ ತಂಪು ಹವೆಯಲ್ಲಿ ಕೂರಬಹುದು ಎಂದು ನಾನೂ ಇಲ್ಲ ಅಂದವನಲ್ಲ. ಗೋಡೆ ಸುತ್ತಿ ಮುಖ್ಯ ದ್ವಾರಕ್ಕೆ ಬರಲು ಬಸ್ಸನ್ನು ನೀವೇ ಕಳಿಸುತ್ತೀರಿ, ಬಸ್ಸಿನ ಜೊತೆಗೆ ಸೂಚನೆಗಳೂ ಬರುತ್ತವೆ. ಏಪ್ರನ್ ಬೇಡ, ಬಣ್ಣ ಬಣ್ಣದ ಬಟ್ಟೆ ಇರಲಿ. ಎಲ್ಲರೂ ಒಂದೇ ಕಡೆ ಗುಂಪಾಗಿ ಕೂರಬಾರದು, ಮನೆಮಂದಿ ಬಂದ ಹಾಗೆ ಇಬ್ಬರು ಮೂವರು ಒಟ್ಟಿಗೆ ಕೂತು ನಡುವೆ ಒಂದೊಂದು ಕುರ್ಚಿ ಬಿಡಬೇಕು. ನಿರೂಪಕಿಯ ದನಿ ವಾಕ್ಯದ ಕೊನೆಗೆ ಮೇಲೇರಿದರೆ ಚಪ್ಪಾಳೆ. ತೋಳಿನ ಸುತ್ತು ಕತ್ತರಿಸುವುದನ್ನು ಎಷ್ಟು ಮುತುವರ್ಜಿಯಿಂದ ಹೇಳಿಕೊಡುತ್ತೇನೋ ಇದನ್ನೂ ಅಷ್ಟೇ ಮುತುವರ್ಜಿಯಿಂದ ಹೇಳಿಕೊಟ್ಟಿದ್ದೇನೆ. ನಮ್ಮವರು ತಾವೇ ಹೊಲಿದ ಹೊಸ ಬಟ್ಟೆ ಹಾಕಿಕೊಂಡು ಬರುತ್ತಾರೆ. ಹಾಗಾಗಿ ನಿಮ್ಮ ಕಾರ್ಯಕ್ರಮಗಳ ಫೋಟೋದಲ್ಲಿ ಈ ಊರಿನ ಜನ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಾರೆ.

ಒಮ್ಮೆ ನಿಮ್ಮ ಸಹಾಯಕರು ನನ್ನ ಬೆನ್ನು ತಟ್ಟಿ, "ನಿಮ್ಮವರು ನೋಡೋಕೆ ನಿಜವಾದ ಜನರ ಹಾಗೇ ಇರ್ತಾರೆ ಸಾರ್" ಎಂದಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ನಮ್ಮ ಸಿಬ್ಬಂದಿ ಕೋಣೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಇನ್ನು ಕಳೆದ ತಿಂಗಳ ವಿಷಯ. ಭಾಷಣಕಾರರು ದೂರದ ಊರಿನಿಂದ ಬಂದ ನಿವೃತ್ತ ಪ್ರಾಧ್ಯಾಪಕಿ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮಾತು ಹೇಗೆ ಮರಳುತ್ತದೆ, ಮನೆಯವರು ಏನು ಮಾಡಬೇಕು ಎಂಬುದು ಅಂದಿನ ವಿಷಯ. ಇದು ನನಗೆ ಗೊತ್ತಾದದ್ದು ಆಮೇಲೆ. ನಿಮ್ಮ ಆಮಂತ್ರಣದಲ್ಲಿ ನಾನು ಓದುವುದು ದಿನಾಂಕ ಮತ್ತು ಬಸ್ಸು ಹೊರಡುವ ಹೊತ್ತು, ಎರಡನ್ನೇ.

ಇದರಲ್ಲೇನು ವಿಶೇಷ ಎಂದರೆ, ನನ್ನ ಸ್ವಂತ ಅಣ್ಣ ಕಳೆದ ವರ್ಷ ಅದೇ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದಾನೆ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸವಾಗಿತ್ತು. ಗಂಟಲು ನಂಬಿ ಬದುಕಿದ ಮನುಷ್ಯ. ಈಗ ಅವನಿಗೆ ಎರಡೇ ಬಗೆಯ ಮಾತು ಬರುತ್ತದೆ. ಒಂದು, ಒಂದರಿಂದ ನೂರರವರೆಗಿನ ಎಣಿಕೆ. ಇನ್ನೊಂದು, ಬೈಗುಳ. ನೀರು ಬೇಕಾದರೆ ಕೈ ತೋರಿಸುತ್ತಾನೆ. ಲೋಟ ಜಾರಿ ಬಿದ್ದರೆ ಮಾತ್ರ ಇಡೀ ಮಾರುಕಟ್ಟೆ ಕೇಳುವ ಹಾಗೆ, ಒಂದಕ್ಷರವೂ ತೊದಲದೆ ಬೈಯುತ್ತಾನೆ. ಶುರುವಿನಲ್ಲಿ ನಾವು ನಗುತ್ತಿದ್ದೆವು. ಡಾಕ್ಟರು ಸಮಯ ಬೇಕು ಎಂದರು. ಎಷ್ಟು ಸಮಯ, ಆ ಸಮಯದಲ್ಲಿ ನಾವು ಏನು ಮಾಡಬೇಕು ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಿದ್ದರು.

ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣದಲ್ಲಿ ನಿಮ್ಮ ಪ್ರಕಟಣೆ ನೋಡಿದ್ದಾರೆ. ಎಲ್ಲರಿಗೂ ಮುಕ್ತ ಪ್ರವೇಶ ಎಂದು ಅದರ ಕೊನೆಯಲ್ಲಿತ್ತಂತೆ. ಅಂಗಡಿ ಯಜಮಾನರನ್ನು ಕಾಡಿ ಬೇಡಿ ಮಧ್ಯಾಹ್ನ ರಜೆ ಪಡೆದು, ಅಣ್ಣನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಎರಡು ಬಸ್ಸು ಬದಲಾಯಿಸಿ, ಕಾರ್ಯಕ್ರಮಕ್ಕೆ ಮೊದಲೇ ಬಂದು ತಲುಪಿದರು. ಎದೆಗೆ ಬ್ಯಾಡ್ಜ್ ಹಚ್ಚಿಕೊಂಡ ನಿಮ್ಮ ಸ್ವಯಂಸೇವಕಿ, ಹಾಲ್ ಫುಲ್ ಆಂಟಿ, ಹೊರಗಡೆ ಪರದೆ ಹಾಕಿದ್ದೀವಿ, ಅಲ್ಲೇ ನೋಡಿ ಎಂದಳು. ಆ ಪರದೆಯ ಮೇಲೆ ಕೊನೆಯವರೆಗೂ ನಿಮ್ಮ ವಿಶ್ವವಿದ್ಯಾಲಯದ ಲಾಂಛನ ಮಾತ್ರ ಇತ್ತು. ಶಬ್ದ ಇರಲಿಲ್ಲ.

ಬಾಗಿಲಿಗೆ ಒಂದು ಗಾಜಿನ ಕಿಂಡಿ ಇದೆ. ಅತ್ತಿಗೆ ಅದರಲ್ಲಿ ಇಣುಕಿದಾಗ ಹಿಂದಿನ ಸಾಲಿನಲ್ಲಿ ಗದ್ದ ಎದೆಗೆ ಊರಿ ನಿದ್ದೆ ಮಾಡುತ್ತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಸೂಚನೆಯ ಪ್ರಕಾರ ಬಿಟ್ಟ ಕುರ್ಚಿ ಅದು.

ಭಾಷಣದ ಕೊನೆಯ ಭಾಗದಲ್ಲಿ ನನಗೆ ಎಚ್ಚರವಾಯಿತು. ಹಾಗಾಗಿ ಅಷ್ಟನ್ನು ಖಚಿತವಾಗಿ ಹೇಳಬಲ್ಲೆ. ಪ್ರಾಧ್ಯಾಪಕಿ ಕನ್ನಡಕ ತೆಗೆದು ಸಭೆಯನ್ನು ಒಂದು ಸುತ್ತು ನೋಡಿದರು. ಈ ವಿಷಯಕ್ಕೆ ಯಾರು ಬರುತ್ತಾರೆ ಎಂದುಕೊಂಡೇ ಹೊರಟಿದ್ದರಂತೆ. "ಇಷ್ಟೊಂದು ಮನೆಗಳಲ್ಲಿ ಈ ಕಷ್ಟ ಇದೆಯಾ ಅಂತ ನೋಡಿ ಸಂಕಟ ಆಯ್ತು. ಏನು ಬೇಕಾದರೂ ಕೇಳಿ, ನನಗೆ ಅವಸರ ಇಲ್ಲ" ಎಂದರು. ಕೇಳಲು ನಮ್ಮ ಎರಡು ಬಸ್ಸಿನ ಜನರ ಬಳಿ ಏನಿತ್ತು? ಎಲ್ಲರೂ ನನ್ನ ಮುಖ ನೋಡಿದರು. ಪ್ರಶ್ನೆ ಕೇಳುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಕೆ ಮೈಕು ಹಿಡಿದು ಕಾದರು. ಪ್ರಶ್ನೆ ಇದ್ದ ಒಬ್ಬ ಹೆಂಗಸು ಬಾಗಿಲಾಚೆ ನಿಂತಿದ್ದಳು. ಕೊನೆಗೆ ನಿರೂಪಕಿ ಸಮಯದ ಅಭಾವ ಎಂದು ದನಿ ಏರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಮೊದಲು ಶುರು ಮಾಡಿದವನು ನಾನೇ.

ಸಂಜೆ ಎಂದಿನಂತೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಕೈಗೆ ಟೀ ಕೊಟ್ಟು, ಮಧ್ಯಾಹ್ನ ಎಲ್ಲಿಗೆ ಹೋಗಿದ್ರಿ ಎಂದು ಕೇಳಿದರು. ಯೂನಿವರ್ಸಿಟಿಯಲ್ಲಿ ಏನೋ ಕಾರ್ಯಕ್ರಮ, ಜನ ಬೇಕು ಅಂದರು ಎಂದೆ.

"ಗೊತ್ತು. ನೋಡ್ದೆ. ಆ ಮೇಡಂ ಏನು ಹೇಳಿದ್ರು?"

"ಚೆನ್ನಾಗಿ ಮಾತಾಡಿದ್ರು ಅತ್ತಿಗೆ."

"ಚೆನ್ನಾಗಿ ಅಂದ್ರೆ? ಇವರಿಗೆ ಬೈಗುಳ ಬರುತ್ತೆ, ನನ್ನ ಹೆಸರು ಬರಲ್ಲ. ಅದು ಯಾಕೆ ಅಂತ ಹೇಳಿದ್ರಾ?"

ಮಾನ್ಯರೇ, ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಿಮ್ಮ ಯಾವ ವಿಚಾರ ಸಂಕಿರಣದಲ್ಲಾದರೂ ಯಾರಾದರೂ ಕೇಳಿದ್ದಾರೆಯೇ? ಉತ್ತರ ಬಲ್ಲವರ ಎದುರಿಗೆ ಒಂದೂವರೆ ಗಂಟೆ ಕೂತು ಬಂದವನು ನಾನು. ಅತ್ತಿಗೆ ಬೈಯಲಿಲ್ಲ, ಅಳಲಿಲ್ಲ, ಟೀ ಆರುತ್ತೆ ಕುಡೀರಿ ಎಂದರು. ಬೈದವನು ಅಣ್ಣ. ಮಂಚದಿಂದಲೇ ನನ್ನನ್ನು ದಿಟ್ಟಿಸಿ, ಹುಟ್ಟಿದಾಗಿನಿಂದ ಕೂಡಿಟ್ಟ ಹಾಗೆ ಬೈದ. ಆ ದಿನ ನಮ್ಮಲ್ಲಿ ಯಾರೂ ನಗಲಿಲ್ಲ.

ಮರುದಿನ ತರಗತಿಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದೆ. ನಿನ್ನೆ ಆ ಮೇಡಂ ಏನು ಹೇಳಿದರು? ಒಬ್ಬಳು ಅವರ ಸೀರೆಯ ಅಂಚಿನ ಬಣ್ಣ ಹೇಳಿದಳು. ಇನ್ನೊಬ್ಬ ಬಿಸ್ಕತ್ತು ಹಳೆಯದಿತ್ತು ಎಂದ. ಅವರ ತಪ್ಪಲ್ಲ. ಕೇಳಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಲವತ್ತು ದಾಟಿದ ಮೇಲೆ ಹೊಲಿಗೆ ಕಲಿಯಲು ಬಂದ ಒಬ್ಬ ಹೆಂಗಸಿದ್ದಾರೆ, ಬ್ಯಾಚಿನವರು ದೊಡ್ಡಮ್ಮ ಎನ್ನುತ್ತಾರೆ. ಧ್ವನಿವರ್ಧಕದ ಪಕ್ಕದಲ್ಲೇ ಜಾಗ ಸಿಕ್ಕಿದ್ದರಿಂದ ಅವರಿಗೆ ನಿದ್ದೆ ಬಂದಿರಲಿಲ್ಲ.

"ಅವರು ಮಾತು ಹುಡುಕ್ತಾ ಇರುವಾಗ ನಾವು ಹೇಳಿಕೊಡಬಾರದಂತೆ ಸಾರ್. ಬಾಯಿ ಮುಚ್ಕೊಂಡು ಕಾಯ್ಬೇಕಂತೆ."

"ಎಷ್ಟು ಹೊತ್ತು?"

"ಅದನ್ನೂ ಹೇಳಿದ್ರು. ಅಷ್ಟೊತ್ತಿಗೆ ಟೀ ಬಂತು."

ಇಡೀ ಉಪನ್ಯಾಸದಲ್ಲಿ ಈ ಊರಿಗೆ ದಕ್ಕಿದ್ದು ಇಷ್ಟು.

ಉಳಿದದ್ದನ್ನು ಕೇಳಿಸಿಕೊಳ್ಳೋಣ ಎಂದು ನಿಮ್ಮ ಕಚೇರಿಗೆ ಬಂದು ವಿಡಿಯೋ ಕೇಳಿದೆ. ನಿಮ್ಮ ಸಿಬ್ಬಂದಿ ಮರ್ಯಾದೆಯಿಂದ ಕೂರಿಸಿ ತೋರಿಸಿದರು. ಸ್ವಾಗತ ಇದೆ. ಹೂಗುಚ್ಛ ಇದೆ. ವೇದಿಕೆಯ ಮೇಲಿನ ಪ್ರತಿಯೊಬ್ಬರ ಪರಿಚಯ ಇದೆ. ಜ್ಞಾನವನ್ನು ಜನರ ಮನೆಬಾಗಿಲಿಗೆ ಕೊಂಡೊಯ್ಯುವ ಬಗ್ಗೆ ತಾವು ಆಡಿದ ಮಾತು ಪೂರ್ತಿ ಇದೆ. ಆಮೇಲೆ ಗುಂಪು ಫೋಟೋ. ಆಮೇಲೆ ಪ್ರಾಧ್ಯಾಪಕಿ ಎದ್ದು ಬಂದು, ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿ, ನಮಸ್ಕಾರ ಎನ್ನುತ್ತಾರೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಕ್ಯಾಮೆರಾದವರನ್ನು ಗೊತ್ತು ಮಾಡಿದ್ದು ಉದ್ಘಾಟನೆಗೆ ಮಾತ್ರವಂತೆ. ಭಾಷಣ ಇಲ್ಲವೇ ಎಂದು ಕೇಳಿದೆ. ಹುಡುಕಿಕೊಟ್ಟಾತ ಪ್ರಾಮಾಣಿಕ ಮನುಷ್ಯ, ವಿಡಿಯೋ ಹಿಂದಕ್ಕೆ ಸರಿಸಿ ನಿಮ್ಮ ಚಿತ್ರದ ಮೇಲೆ ಬೆರಳಿಟ್ಟು, "ಇದೇ ಭಾಷಣ ಅಲ್ವಾ ಸಾರ್?" ಎಂದ.

ಹಾಗಾದರೆ ಆಕೆಯನ್ನು ಮತ್ತೊಮ್ಮೆ ಕರೆಸಿ ಎಂದು ನಿಮ್ಮ ಸಹಾಯಕರನ್ನು ಕೇಳಿದೆ. ಈ ವರ್ಷದ ಗುರಿ ಮುಟ್ಟಿದೆ, ಕಿಕ್ಕಿರಿದ ಸಭೆ ಎಂದು ವರದಿಯೂ ಹೋಗಿದೆ, ಅದೇ ಉಪನ್ಯಾಸವನ್ನು ಎರಡನೇ ಸಲ ಏಕೆ ಮಾಡಬೇಕು ಎಂದರು. ಆಕೆಯ ವಿಳಾಸ ಕೇಳಿದೆ. ಹೊರಗಿನವರಿಗೆ ಕೊಡುವಂತಿಲ್ಲ ಎಂದರು. ಅದು ಸರಿಯಾದ ನಿಯಮ, ಒಪ್ಪುತ್ತೇನೆ. ನಾನು ಎದ್ದು ಹೊರಡುವಾಗ ಅವರೇ ಬಾಗಿಲವರೆಗೆ ಬಂದು, ಮುಂದಿನ ತಿಂಗಳ ಸಂಗೀತ ಸಂಜೆಗೆ ಎರಡು ಬಸ್ಸು ಸಾಕಾಗುವುದಿಲ್ಲ, ಮೂರು ಆದೀತೇ ಎಂದು ವಿಚಾರಿಸಿದರು.

ತಮ್ಮ ಉತ್ತರವನ್ನು ಊಹಿಸಬಲ್ಲೆ. ನಾವು ಜನರನ್ನು ಕರೆತರದಿದ್ದರೆ ಯಾರು ಬರುತ್ತಾರೆ? ಖಾಲಿ ಕುರ್ಚಿಗಳ ಫೋಟೋ ಪತ್ರಿಕೆಯಲ್ಲಿ ಬಂದರೆ ಅತಿಥಿಗೆ ಅವಮಾನವಲ್ಲವೇ? ಈ ವಾದದಲ್ಲಿ ಹುರುಳಿದೆ. ನಿಮ್ಮ ಗೋಡೆಗೆ ಒರಗಿದಂತಿರುವ ಕೇಂದ್ರದಲ್ಲಿ ಇಷ್ಟು ವರ್ಷ ದುಡಿದರೂ ಬಸ್ಸಿಲ್ಲದೆ, ನನ್ನಷ್ಟಕ್ಕೆ ನಾನೇ, ಒಂದು ಉಪನ್ಯಾಸಕ್ಕೂ ಬಂದವನಲ್ಲ. ಜನ ಬರುವುದಿಲ್ಲ ಎನ್ನುವಾಗ ನೀವು ಹೇಳುತ್ತಿರುವುದು ನನ್ನಂಥವರ ಬಗ್ಗೆಯೇ. ಆದರೆ ಜನ ಬರುವುದಿಲ್ಲ ಎಂಬುದು ಅರ್ಧ ಸತ್ಯ. ಕೆಲಸದ ದಿನ ಮಟಮಟ ಮಧ್ಯಾಹ್ನ ಕಾರ್ಯಕ್ರಮ ಇಟ್ಟು, ಅದೇ ದಿನ ಬೆಳಿಗ್ಗೆ ಪ್ರಕಟಣೆ ಕೊಟ್ಟರೂ ಒಬ್ಬರು ಬಂದಿದ್ದರು. ಅವರಿಗೆ ಜಾಗ ಇರಲಿಲ್ಲ. ಅವರ ಜಾಗದಲ್ಲಿ ಅವರ ಮೈದುನ ಗೊರಕೆ ಹೊಡೆಯುತ್ತಿದ್ದ. ಖಾಲಿ ಕುರ್ಚಿಯಿಂದ ಅತಿಥಿಗೆ ಅವಮಾನ ಎಂದಾದರೆ, ನಮ್ಮನ್ನು ಕಂಡು ಇಷ್ಟೊಂದು ಮನೆಗಳಲ್ಲಿ ಕಷ್ಟವಿದೆ ಎಂದು ಆ ಹಿರಿಯ ಜೀವ ಸಂಕಟಪಟ್ಟಿತಲ್ಲ, ಅದನ್ನು ಏನೆಂದು ಕರೆಯೋಣ? ಆ ಸಂಕಟಕ್ಕೆ ಕಾರಣವಾದ ಸುಳ್ಳಿನಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಹಂಚಿಕೊಳ್ಳಲು ನಾನು ತಯಾರಿದ್ದೇನೆ. ಹೆಚ್ಚಿನದು ನನ್ನದೇ ಎಂದರೂ ತಕರಾರಿಲ್ಲ.

ಇನ್ನು ಮುಂದೆ ಬಸ್ಸು ಹತ್ತುವುದಿಲ್ಲ, ಯಾರನ್ನೂ ಹತ್ತಿಸುವುದಿಲ್ಲ ಎಂದು ನಮ್ಮ ಪ್ರಾಂಶುಪಾಲರಿಗೆ ಹೇಳಿದ್ದೇನೆ. ಪ್ರಮಾಣಪತ್ರದ ಮೇಲಿನ ಮುದ್ರೆ ಯಾರದು ಎಂದು ಅವರು ನೆನಪಿಸಿದರು. ಈ ಪತ್ರ ಅಚ್ಚಾದ ಮೇಲೆ ಇನ್ನೂ ಏನೇನು ನೆನಪಿಸುತ್ತಾರೋ ನೋಡಬೇಕು.

ಮನೆಯಲ್ಲಿ ನಾವೀಗ ದೊಡ್ಡಮ್ಮ ಕೇಳಿಸಿಕೊಂಡ ಒಂದು ಮಾತನ್ನು ಪಾಲಿಸುತ್ತಿದ್ದೇವೆ. ಒಂದು ವರ್ಷ ಅಣ್ಣ ಬಾಯಿ ತೆರೆಯುವ ಮೊದಲೇ ನೀರಾ, ಔಷಧಾ, ಕಿಟಕಿ ಹಾಕಲಾ ಎಂದು ನಾವೇ ಮುಗಿಸಿಬಿಡುತ್ತಿದ್ದೆವು. ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಈಗ ಕಾಯುತ್ತೇವೆ. ಮೊನ್ನೆ ಸಂಜೆ ಅವನು ಅತ್ತಿಗೆಯ ಕಡೆ ತಿರುಗಿ ತುಟಿ ಕೂಡಿಸಿದ. ಅವರ ಹೆಸರಿನ ಮೊದಲ ಅಕ್ಷರಕ್ಕೆ ತುಟಿ ಹಾಗೆಯೇ ಕೂಡಬೇಕು. ಹೇಳಿಕೊಡಲು ನನ್ನ ನಾಲಗೆ ತುರಿಸುತ್ತಿತ್ತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವನ ಕತ್ತಿನ ನರ ಬಿಗಿಯಿತು, ಹಣೆಯಲ್ಲಿ ಬೆವರೊಡೆಯಿತು. ಮಾತು ಬರಲಿಲ್ಲ. ಒಂದು ಬೈಗುಳ ಬಂತು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಅತ್ತಿಗೆ ಮೆಲ್ಲಗೆ, ಹೀಗೆ ಆದಾಗ ಮತ್ತೆ ಕೇಳಬೇಕಾ, ಬಿಟ್ಟುಬಿಡಬೇಕಾ, ಇದರ ಬಗ್ಗೆ ಏನಾದರೂ ಹೇಳಿದ್ರಾ ಎಂದರು. ಹೇಳಿಯೇ ಇರುತ್ತಾರೆ. ನಾನು ಅಲ್ಲೇ ಇದ್ದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಪ್ರಾಧ್ಯಾಪಕಿಗೆ ಅಂದಿನ ಸಭೆ ಹೇಗೆ ಸೇರಿತ್ತು ಎಂಬ ನಿಜವನ್ನು ತಾವೇ ತಿಳಿಸಿ, ಕ್ಷಮೆ ಕೇಳಿ. ಅದರಲ್ಲಿ ನನ್ನ ಕ್ಷಮೆಯನ್ನೂ ಸೇರಿಸಿ. ಆಮೇಲೆ ಅವರನ್ನು ಮತ್ತೊಮ್ಮೆ ಕರೆಯಿರಿ. ದೊಡ್ಡ ಸಭಾಂಗಣ ಬೇಡ, ಹತ್ತು ಕುರ್ಚಿ ಹಿಡಿಯುವ ಒಂದು ತರಗತಿ ಕೋಣೆ ಸಾಕು. ಅಂಗಡಿಗಳ ಕೆಲಸ ಮುಗಿದ ಮೇಲೆ ಇಡಿ. ವೇದಿಕೆ ಬೇಡ, ತಮ್ಮ ಭಾಷಣವೂ ಬೇಡ. ಕೊನೆಗೆ ಮೂರೇ ಜನ ಬಂದರೂ ನಡೆಸಿ. ಅತ್ತಿಗೆ ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕರೆತರುತ್ತಾರೆ. ನನ್ನನ್ನು ಒಳಗೆ ಬಿಡಲೇಬೇಕು ಎಂದು ನಾನು ಕೇಳುವುದಿಲ್ಲ. ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸಿ, ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತೇನೆ.

ಇಂತಿ,
ತಮ್ಮ ತುಂಬಿದ ಸಭೆಗಳಲ್ಲಿ ಪಾಲುಗಾರನಾದ,
ಹೊಲಿಗೆ ತರಬೇತಿ ಕೇಂದ್ರದ ಒಬ್ಬ ಕಟಿಂಗ್ ಮೇಷ್ಟ್ರು