ಫಾರ್ಮಾಲಿನ್ ಸುರಿಯುವ ಹೆಂಗಸು

೧೪ ಮಾರ್ಚ್, ಮಂಗಳವಾರ

ಮೂರು ವರ್ಷದ ಹಿಂದೆ ನಾನೇ ಸಹಿ ಹಾಕಿದ ಅನುಮತಿಪತ್ರ ಇವತ್ತು ಎದುರಿಗೇ ಬಂದು ನಿಂತಿತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಕೋಳಿ ಆಹಾರಕ್ಕೆ ಫಾರ್ಮಾಲಿನ್ ಎಂಬ ಘಾಟು ರಾಸಾಯನಿಕ ಬೆರೆಸಬಹುದು ಎಂಬ ಅನುಮತಿ. ಕೋಳಿಗೆ ಏನಾಗುತ್ತದೆ, ಮೊಟ್ಟೆಗೆ ಏನಾಗುತ್ತದೆ, ತಿನ್ನುವವರಿಗೆ ಏನಾಗುತ್ತದೆ ಎಂದೆಲ್ಲ ಕೇಳಿ ಕಂಪನಿಯವರ ಜೀವ ಹಿಂಡಿದ್ದೆ. ಅದನ್ನು ಸುರಿಯುವವರು ಯಾರು ಎಂದು ಮಾತ್ರ ಕೇಳಿರಲಿಲ್ಲ.

ತಪಾಸಣೆಗೆಂದು ಕೋಳಿ ಆಹಾರ ತಯಾರಿಸುವ ಕಾರ್ಖಾನೆಗೆ ಹೋಗಿದ್ದೆ. ಬಾಗಿಲಲ್ಲೇ ಕಣ್ಣು ಉರಿದು ನೀರು ಬಂತು. ಮೂಗಿಗೆ ಒಂದು ಬಟ್ಟೆ ಕೂಡ ಕಟ್ಟಿಕೊಳ್ಳದೆ ಮಿಕ್ಸರಿಗೆ ಕ್ಯಾನ್ ಬಗ್ಗಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕಳು.

"ಮೊದಮೊದಲು ನಂಗೂ ಹಿಂಗೇ ಆಗ್ತಿತ್ತು ಮೇಡಂ. ಈಗ ವಾಸನೇನೇ ಗೊತ್ತಾಗಲ್ಲ, ಆರಾಮಾಗಿದೀನಿ."

"ಬೇರೆ ವಾಸನೆ ಗೊತ್ತಾಗತ್ತೇನಮ್ಮಾ?"

"ಊಹೂಂ. ಮೊಮ್ಮಗು ತಲೆ ಮೂಸಿದ್ರೂ ಏನೂ ಇಲ್ಲ," ಎಂದು ಮುಂದಿನ ಕ್ಯಾನಿಗೆ ಕೈ ಹಾಕಿದಳು.

ಮಿಕ್ಸರ್ ನಿಲ್ಲಿಸಿ ಎಂದು ಬರೆದುಕೊಟ್ಟು ಬಂದೆ. ಈಗ ನಿಲ್ಲಿಸಿದರೆ ಅವಳಿಗೆ ಹೋದದ್ದು ಬರುತ್ತದೆಯೇ?

ಮನೆಯಲ್ಲಿ ಹಾಲು ಸೀದಿತ್ತು. ಮೆಟ್ಟಿಲ ಮೇಲೇ ವಾಸನೆ ಬಡಿಯಿತು. ಇವರು ಗಡಿಬಿಡಿಯಲ್ಲಿ ಕಿಟಕಿ ತೆರೆಯಲು ಹೋದರು. ಬೇಡ, ಸ್ವಲ್ಪ ಹೊತ್ತು ಹಾಗೇ ಇರಲಿ ಅಂದೆ.