ಅಧ್ಯಕ್ಷರ ಹೆಂಡತಿ ಬಂದು ಹೋದರು

ನೌಪಾಡಾ, ಥಾಣೆ
ಗುರುವಾರ ಮಧ್ಯಾಹ್ನ

ಬಾಗಿಲು ತೆರೆಯುವ ಮೊದಲು ಇದನ್ನು ಓದಬೇಕಾದ ನನ್ನ ನಿಶಾಳಿಗೆ, ಅಮ್ಮನ ಆಶೀರ್ವಾದ.

ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ಕೇಳುವ ದನಿ ನನ್ನದೇ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಕಾಗೆ ಕಾಲು ಗುಬ್ಬಿ ಕಾಲಿನಂಥ ನನ್ನ ಅಕ್ಷರವನ್ನು ಮಾತ್ರ ಯಾರೂ ಬರೆಯಲಾರರು. ಕಿವಿ ಹಿಂಡಿ ನಿನ್ನನ್ನು ಸಂಘದ ಭಾನುವಾರದ ಕನ್ನಡ ತರಗತಿಗೆ ಕಳಿಸಿದ್ದು ಇವತ್ತು ಉಪಯೋಗಕ್ಕೆ ಬಂತು.

ಅಪ್ಪ ಕನ್ನಡ ಸಂಘದ ಅಧ್ಯಕ್ಷರಾದ ದಿನ ನೀನು ನನ್ನನ್ನು ‘ಫಸ್ಟ್ ಲೇಡಿ’ ಎಂದು ಚುಡಾಯಿಸಿದೆ. ಅಧ್ಯಕ್ಷರೇನು, ಹೋಟೆಲಿನ ಗಲ್ಲಾದಿಂದೆದ್ದು ಹೋಗಿ ಶಾಲು ಹೊದೆಸಿಕೊಂಡು ಮೈಕಿನ ಮುಂದೆ ನಿಂತರೆ ಮುಗಿಯಿತು. ಬಾಣಂತಿಯ ಮನೆ, ಕಾಯಿಲೆಯ ಮನೆ, ಸಾವಿನ ಮನೆ, ಅರಿಶಿನ ಕುಂಕುಮ ಎಲ್ಲ ನನ್ನ ಪಾಲಿಗೆ. ಸುಳ್ಳು ಯಾಕೆ ಹೇಳಲಿ, ನನಗದು ಇಷ್ಟವಾಗಿತ್ತು. ಡಬ್ಬಿ ಹಿಡಿದು ಲೋಕಲ್ ಹತ್ತಿ ಯಾರದೋ ಬಾಗಿಲಿಗೆ ಹೋದಾಗ, ಅಧ್ಯಕ್ಷರ ಹೆಂಡತಿ ಬಂದರು ಎಂದು ಒಳಗೆ ಕೂಗುತ್ತಿದ್ದರಲ್ಲ, ಅದನ್ನು ಕೇಳಿದರೆ ಕಾಲುನೋವು ಮರೆಯುತ್ತಿತ್ತು.

ಮೊದಲು ಈ ಕೆಲಸವೆಲ್ಲ ವಾರಿಜಕ್ಕನದು. ಹಿಂದಿನ ಅಧ್ಯಕ್ಷ ಪುಂಡರೀಕಾಕ್ಷರ ಹೆಂಡತಿ, ಮಕ್ಕಳಿಲ್ಲದವರು, ಸಂಘದ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. ನಿನ್ನನ್ನೂ. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ನವರಾತ್ರಿಯ ಅರಿಶಿನ ಕುಂಕುಮಕ್ಕೆ ಕರೆಯಲು ನಾನೂ ಮಹಿಳಾ ವಿಭಾಗದ ಗಿರಿಜವ್ವನೂ ಮನೆಮನೆಗೆ ಹೊರಟೆವು. ಮೊದಲ ಕರೆ ಮಾಜಿ ಅಧ್ಯಕ್ಷರ ಮನೆಗೆ ಎಂಬುದು ರೂಢಿ. ಮಾಜಿವಾಡಾದ ಆ ಮನೆಯಲ್ಲಿ ಕುಂಕುಮ ಹಚ್ಚಿ ಕರೆಯಲು ಹೆಂಗಸೇ ಇಲ್ಲ. ಗಿರಿಜವ್ವನಿಗೆ ದುಃಖ ಉಕ್ಕಿತು. ಗೋಡೆಯ ಫೋಟೋಕ್ಕೆ ಕುಂಕುಮ ಹಚ್ಚಿ, “ಮುತ್ತೈದಿಯಾಗಿ ಹೋದಾಕಿ ನೀ. ಎಲ್ಲಾ ಕಡೆ ಮೊದಲ ನೀನ ಬರಬೇಕ್ ನೋಡವ್ವಾ, ಹೊಸಾ ಬಾಯಾರು ನಿನ್ನ ಹಿಂದ ಬರ್ತಾರ” ಎಂದು ನನ್ನತ್ತ ಕೈ ತೋರಿ ಹೇಳಿಬಿಟ್ಟಳು. ಕುಂಕುಮ ಹಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಉಡುಪಿ ಕಡೆ ಸತ್ತವರನ್ನು ಕರೆದರೆ ಎಲೆ ಹಾಕಿ ಬಡಿಸಿ, ಮರಳಿ ಕಳಿಸಿಕೊಡುತ್ತೇವೆ. ಇಲ್ಲಿ ಕರೆದದ್ದಷ್ಟೇ ಆಯಿತು, ಕಳಿಸಿದವರಿಲ್ಲ.

ಕಾರ್ಯಕ್ರಮದ ದಿನ ನಾನು ಹೋಗುವಷ್ಟರಲ್ಲಿ ದೀಪ ಹಚ್ಚಿ ಆಗಿತ್ತು. ಯಾರು ಹಚ್ಚಿದ್ದು ಎಂದರೆ, ನೀವೇ ಅಲ್ಲವೇ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಡೊಂಬಿವಲಿಯ ವೈಶಾಲಿಯ ಮಗುವನ್ನು ನೋಡಲು ಹೋದೆ. ಅವಳ ಹಣೆಯಲ್ಲಿ ಹಸಿ ಕುಂಕುಮ. “ಆಂಟಿ, ಏನರೆ ಮರತು ಹೋದ್ರ್ಯಾ? ಈಗಷ್ಟ ಹೋದ್ರಲ್ಲ” ಎಂದಳು. ಮರುವಾರ ಹೋದಾಗ ಸೇಫ್ಟಿ ಡೋರಿನ ಸರಪಳಿ ತೆಗೆಯಲೇ ಇಲ್ಲ. “ಅಧ್ಯಕ್ಷರ ಮಿಸೆಸ್ ಒಳಗ ಕೂಸಿಗೆ ಎಣ್ಣಿ ಹಚ್ಚಾಕತ್ಯಾರ. ನೀವ್ ಯಾರ್ರಿ?” ಎಂದು ಕೇಳಿದಳು. ಒಳಗಿನಿಂದ ಲಾಲಿ ಕೇಳುತ್ತಿತ್ತು, ಮಗು ಕೇಕೆ ಹಾಕುತ್ತಿತ್ತು. ದನಿ ನನ್ನದೇ, ನಿಶಾ.

ವಾರಿಜಕ್ಕನನ್ನು ಕರೆದವಳೇ ಕಳಿಸಲಿ ಎಂದು ನಿನ್ನೆ ಮುಂಬ್ರಾಕ್ಕೆ ಗಿರಿಜವ್ವನ ಮನೆಗೆ ಓಡಿದೆ. ಅವಳು ಚಾಪೆ ಹಾಸಿದಳು, ನೀರು ಕೊಟ್ಟಳು, ಯಾವ ಊರವರೆಂದು ವಿಚಾರಿಸಿದಳು. ನಾನು ಜಯಲತಾ, ಅಧ್ಯಕ್ಷ ಕಮಲಾಕ್ಷರ ಹೆಂಡತಿ ಎಂದೆ. ಪಾಪ ಎಂಬಂತೆ ನನ್ನ ಕೈ ಸವರಿ, ಜಯಲತಾಬಾಯಾರು ಈಗಷ್ಟೇ ಬಂದು ಹೋದರು ಎಂದಳು.

ಮನೆಗೆ ಬಂದರೆ ಬಾಗಿಲು ತೆರೆದ ಅಪ್ಪ, “ಅರೆ, ನೀನು ಈಗಷ್ಟೇ ಒಳಗೆ ಹೋದದ್ದಲ್ವಾ ಮಾರಾಯ್ತಿ?” ಎಂದರು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ನಾನು ಮಾಡದ ಸಾರು ಕುದಿಯುತ್ತಿತ್ತು. ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು ಎಂದು ಅಪ್ಪ ಎರಡು ಸಲ ಹಾಕಿಸಿಕೊಂಡರು.

ನನಗೆ ಸಂಘ ಬೇಡ, ಆ ಕುರ್ಚಿ ಬೇಡ, ಎಲ್ಲ ವಾರಿಜಕ್ಕನೇ ಇಟ್ಟುಕೊಳ್ಳಲಿ. ಆದರೆ ಭಾನುವಾರ ಕಲ್ಯಾಣದ ನಿನ್ನ ಮನೆಯಲ್ಲಿ ನಿನ್ನ ಸೀಮಂತ. ನಿನಗೆ ಮೊದಲ ಹಸಿರು ಬಳೆ ತೊಡಿಸುವವಳು ನಾನಾಗಬೇಕು. ಅವರು ಮೊದಲು ಬಂದರೆ ನೀನೂ ನನ್ನನ್ನು ಯಾರು ಎಂದು ಕೇಳುತ್ತೀಯಾ, ಹುಟ್ಟುವ ಕೂಸಿಗೂ ನಾನು ಯಾರೋ ಆಗುತ್ತೇನೆ. ಅದೊಂದನ್ನು ನಾನು ತಡೆದುಕೊಳ್ಳಲಾರೆ ಮಗಳೇ.

ಆದ್ದರಿಂದ ನಾನು ಬರುವವರೆಗೆ ಯಾರಿಗೂ ಬಾಗಿಲು ತೆರೆಯಬೇಡ. ನನ್ನ ಮುಖ ಕಂಡರೂ ತೆರೆಯಬೇಡ. ವಾರಿಜಕ್ಕ ಜನ್ಮದಲ್ಲಿ ಯಾರಿಗೂ ಬೈದವರಲ್ಲ. ನಾನಾದರೆ ಹೊಸ್ತಿಲಲ್ಲೇ ನಿನ್ನ ಕೆದರಿದ ತಲೆಗೂ ಒಣಗದ ಬಟ್ಟೆಗೂ ಬೈಯದೆ ಒಳಗೆ ಬರುವುದಿಲ್ಲ. ಆ ಬೈಗುಳ ಕೇಳಿದ ಮೇಲೆ ಚಿಲಕ ತೆಗೆ. ಈಗಲೇ ಹೋಗಿ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.

ನಿನ್ನನ್ನು ಹೆತ್ತವಳು,
ಜಯಲತಾ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಳಿಯ ಆಕಾಶನ ಫೋನು ಬಂತು. ಅಪ್ಪ ಸ್ಪೀಕರ್ ಹಾಕಿ ಮಾತಾಡಿದರು. ಅತ್ತೆ ಸುಖವಾಗಿ ತಲುಪಿದರು, ನಿಶಾ ಅವರ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಾಳೆ ಎಂದು ಆಕಾಶ ಹೇಳಿದ. ಹಿಂದೆ ನೀನು ನಗುವುದು ಕೇಳಿಸಿತು. ನಾನು ಕೂಗಿದೆ, ನಿಶಾ ಎಂದು ಜೋರಾಗಿ ಕೂಗಿದೆ. ಅಪ್ಪ ಬೆಚ್ಚಿ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿ, ತುಂಬ ಮರ್ಯಾದೆಯಿಂದ ಹೇಳಿದರು: “ಕೂತ್ಕೊಳ್ಳಿ. ನಮ್ಮವಳು ಮಗಳಲ್ಲಿಗೆ ಹೋಗಿದ್ದಾಳೆ. ನಿಮಗೆ ಯಾರು ಬೇಕಿತ್ತು?”